ಕೀಳಲೆಂದು ಬೆಳೆಸಿದ ಕೂದಲು

ಹೋದ ವಾರ ಮೊಮ್ಮಗನ ಜವಳ ತೆಗೆಸಿದರು. ಕ್ಷೌರದವನು ಕೂಸಿನ ತಲೆಗೆ ನೀರು ಹಚ್ಚಿ ನೆನೆಸುತ್ತಿದ್ದಂತೆ ಹಸಿ ಕೂದಲು ಮತ್ತು ಪಟಿಕದ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಮನೆಮಂದಿಯೆಲ್ಲ ನಗುತ್ತಿದ್ದರು. ನಾನು ಎದ್ದು ಒಳಗೆ ಹೋಗಿ ಕುಳಿತೆ. ಸೊಸೆ ಬಂದು, ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ಹುಷಾರಾಗಿದ್ದೇನೆ, ಸಿಟ್ಟು ಬಂದಿದೆ ಎಂದೆ. ಯಾರ ಮೇಲೆಂದು ಅವಳಿಗೆ ಹೇಗೆ ಹೇಳಲಿ... ಆ ಮನುಷ್ಯ ಸತ್ತೇ ಎಷ್ಟೋ ವರ್ಷವಾಯಿತು.

ಮದುವೆಯಾಗಿ ನಾನು ಹಾನಗಲ್ಲಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಊರೆಲ್ಲ ಸೀಮೆಎಣ್ಣೆಗೆ ಪರದಾಡುತ್ತಿದ್ದ ದಿನಗಳಲ್ಲಿ. ನಮ್ಮ ಹಿತ್ತಲಿಗೂ ಬಸದಿಯ ಪೂಜೆ ಮಾಡುವ ಉಪಾಧ್ಯರ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆಯಿತ್ತು. ಆ ಕಡೆ ಉಪಾಧ್ಯರ ತಂಗಿ ಇರುತ್ತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ತಿಳಿವಳಿಕೆ ಬರುವ ಮೊದಲೇ ಗಂಡನನ್ನು ಕಳೆದುಕೊಂಡವಳು. ನಾನು ಹಿತ್ತಲಕ್ಕ ಎನ್ನುತ್ತಿದ್ದೆ. ಜೈನರ ಎಲ್ಲ ಮನೆಗಳಲ್ಲಿ ವಿಧವೆಯರ ತಲೆ ಬೋಳಿಸುತ್ತಿರಲಿಲ್ಲ. ಈ ಮನೆತನದಲ್ಲಿ ಬೋಳಿಸುತ್ತಿದ್ದರು. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಲ ಬಾಗಿಲಿಗೆ ಬರುತ್ತಿದ್ದ, ಆಕೆ ಒಗೆಯುವ ಕಲ್ಲಿನ ಮೇಲೆ ತಲೆ ಬಗ್ಗಿಸಿ ಕೂಡುತ್ತಿದ್ದಳು. ನಮ್ಮ ಅತ್ತೆಯೂ ಗಂಡ ಸತ್ತವರೇ. ಆದರೆ ನಮ್ಮ ಲಿಂಗಾಯತರಲ್ಲಿ ಆ ಪದ್ಧತಿಯಿಲ್ಲ. ಅತ್ತೆ ಕೈತುಂಬ ಕೂದಲನ್ನು ತುರುಬು ಕಟ್ಟಿಕೊಂಡು ಓಡಾಡುತ್ತಿದ್ದರು.

ಹಿತ್ತಲಕ್ಕನಿಗೆ ಇದ್ದದ್ದು ಒಂದೇ ಆಸೆ. ದೀಕ್ಷೆ ತೆಗೆದುಕೊಂಡು ಜೈನ ಸನ್ಯಾಸಿನಿ ಕ್ಷುಲ್ಲಿಕೆಯಾಗಬೇಕು, ಮನೆ ಬಿಡಬೇಕು, ನವಿಲುಗರಿಯ ಪಿಂಛಿ ಹಿಡಿದು ಮುನಿಗಳ ಸಂಘದ ಜೊತೆ ಊರೂರು ನಡೆಯಬೇಕು. ಅದಕ್ಕಾಗಿ ಆಕೆ ನಡೆಸಿದ ತಯಾರಿ ನೋಡಿದ್ದರೆ... ದಿನಕ್ಕೆ ಒಂದೇ ಊಟ, ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುತ್ತಿರಲಿಲ್ಲ. ಬರಿಗಾಲಲ್ಲಿ ಹರದಾರಿಗಟ್ಟಲೆ ದೂರದ ಆಡೂರಿಗೆ ಹೋಗಿಬಂದು ನಡಿಗೆ ರೂಢಿ ಮಾಡಿಕೊಂಡಳು. ಮೊದಲು ಬೆಲ್ಲ ಬಿಟ್ಟಳು, ಆಮೇಲೆ ಉಪ್ಪು. ಇಷ್ಟನ್ನೂ ಅಣ್ಣನ ಮನೆಮಂದಿಗೆ ಎರಡು ಹೊತ್ತು ಬೇಯಿಸಿ ಹಾಕುತ್ತಲೇ ಮಾಡಿದಳು. ಅದನ್ನು ಯಾರೂ ವ್ರತವೆಂದು ಎಣಿಸಲಿಲ್ಲ.

ದೀಕ್ಷೆಗೆ ಕೇಶಲೋಚ ಆಗಬೇಕು. ಕೈಗೆ ಬೂದಿ ಹಚ್ಚಿಕೊಂಡು ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವುದು, ಕತ್ತಿ ತಾಕಬಾರದು. ಶಿಗ್ಗಾವಿಯಲ್ಲಿ ಮಳೆಗಾಲಕ್ಕೆಂದು ನಿಂತಿದ್ದ ಮುನಿ ಮಹಾರಾಜರು ಚಾತುರ್ಮಾಸ ಮುಗಿಸಿ ಬಂದು ದೀಕ್ಷೆ ಕೊಡಲು ಒಪ್ಪಿದ್ದರು. ಅಣ್ಣನೂ ಹೂಂ ಎಂದಿದ್ದ. ಬೋಳುತಲೆಯಲ್ಲಿ ಕೀಳುವುದೇನನ್ನು? ಆ ಮಳೆಗಾಲದಲ್ಲಿ ಆಕೆ ಕ್ಷೌರದವನನ್ನು ಬಾಗಿಲಿಂದಲೇ ವಾಪಸು ಕಳಿಸಿದಳು. ಕೂದಲು ಬೆರಳಿಗೆ ಸಿಗುವಷ್ಟು ಬೆಳೆದಾಗ ಗೋಡೆಯ ಹತ್ತಿರ ಬಂದು, ಸೆರಗು ಸರಿಸಿ ನನಗೆ ತೋರಿಸಿದಳು. ನೋಯುವುದಿಲ್ಲವೇ ಎಂದು ಕೇಳಿದೆ. ಮುಂಗೈಯ ಕೂದಲು ಕಿತ್ತು ಅಭ್ಯಾಸ ಮಾಡುತ್ತಿದ್ದಾಳಂತೆ. ನಕ್ಕು ಕೈ ಚಾಚಿದಳು, ಮುಂಗೈಯೆಲ್ಲ ಕೆಂಪಗಾಗಿತ್ತು.

ಊರಿನ ಬಾಯಿ ಸುಮ್ಮನಿರುತ್ತದೆಯೇ? ಗಂಡ ಸತ್ತವಳು ಕೂದಲು ಬಿಟ್ಟಿದ್ದಾಳೆ, ಯಾರಿಗಾಗಿ ಎಂದು ಆಡಿಕೊಂಡರು. ಆಕೆಯನ್ನೇ ಕೇಳುವ ಪುರುಸೊತ್ತು ಒಬ್ಬರಿಗೂ ಇರಲಿಲ್ಲ. ಆಗಲೇ ಉಪಾಧ್ಯರ ಮಗಳನ್ನು ನೋಡಲು ಸವಣೂರಿನಿಂದ ಬೀಗರಾಗುವವರು ಬರುವುದೂ ನಿಶ್ಚಯವಾಯಿತು. ಈ ಮಾತು ಅವರ ಕಿವಿಗೆ ಬಿದ್ದರೆ ಸಂಬಂಧ ತಪ್ಪೀತೆಂದು ಅಣ್ಣನಿಗೆ ಹೆದರಿಕೆ. ಮಹಾರಾಜರು ಬರಲು ಇನ್ನೊಂದು ವಾರ ಎನ್ನುವಾಗ, ಒಂದು ಮುಂಜಾನೆ ಅಣ್ಣ ತಾನೇ ಕ್ಷೌರದವನನ್ನು ಕರೆದುಕೊಂಡು ಹಿತ್ತಲಿಗೆ ಬಂದ. ನಾನು ಗೋಡೆಯ ಈಚೆ ಪಾತ್ರೆ ತಿಕ್ಕುತ್ತಿದ್ದೆ.

"ಅಣ್ಣಾ, ಇದನ್ನ ಬೆಳಸಿದ್ದು ಕೀಳಾಕಂತ. ಇನ್ನೊಂದ ವಾರ ತಡ್ಕೋ," ಎಂದಳು ಆಕೆ.

"ಹೆಂಗೂ ಹೋಗೂ ಕೂದಲ. ಇವತ್ತ ಹೋದ್ರೇನು, ಮುಂದಿನ ವಾರ ಹೋದ್ರೇನು? ನೋವರ ತಪ್ಪತೈತಿ," ಎಂದ ಅಣ್ಣ.

ನಿತ್ಯ ಬಸದಿಯಲ್ಲಿ ಪೂಜೆ ಮಾಡುವವನಿಗೆ ಲೋಚವೆಂದರೇನೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ತಂಗಿಯ ನೋವು ತಪ್ಪಿಸಿದೆ ಎಂದು ಕೊನೆಯವರೆಗೂ ಹೇಳಿಕೊಂಡು ತಿರುಗಿದ, ನಂಬುವವರು ನಂಬಿದರು. ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ.

ಮಹಾರಾಜರು ಬಂದರು, ಆಕೆಯ ಬೋಳುತಲೆ ನೋಡಿದರು. ಲೋಚವಿಲ್ಲದೆ ದೀಕ್ಷೆ ಕೊಡಲು ಬರುವುದಿಲ್ಲ, ಬರುವ ವರ್ಷ ಈ ಕಡೆ ಬಂದಾಗ ನೋಡೋಣ ಎಂದು ಸಮಾಧಾನ ಹೇಳಿ ಹಿರೇಕೆರೂರಿನ ದಾರಿ ಹಿಡಿದರು. ಅವರಿಗೆ ಅವರ ನಿಯಮ. ಇರಲಿ... ಆದರೂ ಆ ಅಣ್ಣನನ್ನು ಎದುರಿಗೆ ನಿಲ್ಲಿಸಿ ಒಂದು ಮಾತು ಕೇಳಬಹುದಿತ್ತು.

ಮರುವರ್ಷ ಮಳೆ ಹಿಡಿಯುತ್ತಲೇ ಆಕೆ ಮತ್ತೆ ಕೂದಲು ಬಿಟ್ಟಳು. ಕ್ಷೌರದವನು ಬಂದ ದಿನ ಅಡುಗೆಮನೆಯ ಅಗಳಿ ಹಾಕಿಕೊಂಡು ಕುಳಿತಳು. ಅಂದು ಮನೆಮಂದಿಗೆಲ್ಲ ಉಪವಾಸ. ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆದರೆ ಶ್ರಾವಣದಲ್ಲಿ ಬಂದ ಜ್ವರ ಬಿಡಲಿಲ್ಲ. ಆ ಜ್ವರದಲ್ಲೂ ಸಂಜೆಯ ಮೇಲೆ ಔಷಧಿ ಮುಟ್ಟಲಿಲ್ಲ... ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಳು.

ಹೆಣ ಪಡಸಾಲೆಯಲ್ಲಿತ್ತು. ಅಣ್ಣ ಮತ್ತೆ ಕ್ಷೌರದವನಿಗೆ ಹೇಳಿ ಕಳಿಸಿದ. ಕೂದಲಿರುವ ವಿಧವೆಯನ್ನು ಹಾಗೆಯೇ ಸುಟ್ಟರೆ ಮನೆತನಕ್ಕೆ ಕುಂದಂತೆ. ಎಂದೂ ಅವರ ಹೊಸ್ತಿಲು ದಾಟದ ನಮ್ಮ ಅತ್ತೆ ಅಂದು ದಾಟಿಹೋಗಿ ಆಕೆಯ ತಲೆಯ ಬಳಿ ಕುಳಿತರು.

"ಜೀವ ಇದ್ದಾಗ ಆಕಿ ಕೇಳಿದ್ದು ಇದೊಂದ. ಈ ತಲಿಗೆ ಇನ್ನ ಕತ್ತಿ ಮುಟ್ಟಸಬ್ಯಾಡ್ರಿ," ಎಂದರು.

ನಮ್ಮ ಪದ್ಧತಿ ನಿಮಗೆ ತಿಳಿಯುವುದಿಲ್ಲ ಎಂದು ಅಣ್ಣ ಗೊಣಗಿದ. ಅತ್ತೆ ಏಳಲಿಲ್ಲ. ಕ್ಷೌರದವನು ಅಣ್ಣನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಚೀಲ ಎತ್ತಿಕೊಂಡು ಹೊರಟುಹೋದ. ಕೂದಲಿದ್ದಂತೆಯೇ ಆಕೆಯನ್ನು ಹೊತ್ತುಕೊಂಡು ಹೋದರು.

ಈಗ ಅತ್ತೆಯೂ ಇಲ್ಲ. ಹಿತ್ತಲಕ್ಕನನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ಸಿಟ್ಟು ಇಳಿದಿಲ್ಲ, ಇಳಿಯಲೆಂದು ನನಗೂ ಅನಿಸಿಲ್ಲ. ದೀಕ್ಷೆಯ ದಿನ ಗುರುಗಳು ಹೊಸ ಹೆಸರು ಕೊಡುತ್ತಾರೆ. ಆಕೆಗೆ ಯಾವ ಹೆಸರು ಬರುತ್ತಿತ್ತೋ, ಯಾರಿಗೂ ತಿಳಿಯಲೇ ಇಲ್ಲ. ಆ ಮನೆಯವರು ಇಟ್ಟಿದ್ದ ಹೆಸರು ನನಗೆ ಗೊತ್ತು. ಅದನ್ನು ಬಿಟ್ಟುಹೋಗಲು ಆಕೆ ಅಷ್ಟೆಲ್ಲ ಮಾಡಿದಳು. ನಾನದನ್ನು ಇಲ್ಲಿ ಬರೆಯುವುದಿಲ್ಲ.