ಮಹಾಂತೇಶನಿಗೆ ಹೆಸರಿಟ್ಟಾಗ ಬಿದ್ದ ಗುದ್ದು

ನಮ್ಮ ಮಹಾಂತೇಶ ಇವತ್ತು ಶಾಲೆಗೆ ಸೇರಿದ! ಅಕ್ಕೋರು ಹೆಸರು ಕೇಳಿದ್ದೇ ತಡ, ಆಚೆ ಓಣಿಗೆ ಕೇಳುವ ಹಾಗೆ ಒದರಿ ಹೇಳಿದ. ಬಾಗಿಲಲ್ಲಿ ನಿಂತಿದ್ದ ನನಗೆ ಅಳು ತಡೆಯಲಿಲ್ಲ. ಅಕ್ಕೋರು ಗಾಬರಿಯಾಗಿ, "ಯಾಕ ಆಯಿ, ಏನಾತು?" ಅಂದರು. "ಏನಿಲ್ಲರಿ, ಮೊಮ್ಮಗನ ಹೆಸರ ಕೇಳಿ ಖುಷಿ ಆತು" ಅಂದೆ.

ಆ ಹೆಸರಿಟ್ಟ ದಿನ ನಡೆದದ್ದನ್ನು ನಿಮಗೆ ಹೇಳಿಬಿಡುತ್ತೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಮಾತು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಾನೇ ನಗುತ್ತಿದ್ದೆ. ಹುಣಸೆಮರದಲ್ಲಿ ಏನೋ ಕಂಡಿತು ಎಂದು ನಡುಗುತ್ತ ಬಂದವರಿಗೆ, "ಹೊಟ್ಟಿ ತುಂಬ ಉಂಡು ಮಲಗ್ರಿ" ಎಂದು ಹೇಳಿ ಕಳಿಸಿದವಳು ನಾನು.

ಸೊಸೆ ರೇಣುಕಾಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ನೆರೆಮನೆಯ ಮಕ್ತುಮಸಾಬ ತನ್ನ ಟೆಂಪೋದಲ್ಲಿ ಮುರಗೋಡದಿಂದ ಬೈಲಹೊಂಗಲದ ಆಸ್ಪತ್ರೆಗೆ ಮುಟ್ಟಿಸಿದ. ಕೂಸು ಅಂಗೈಯಷ್ಟು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ಉಸಿರಾಟವೆಲ್ಲ ಮಶೀನಿನದು. ಪೆಟ್ಟಿಗೆಯ ಮೇಲೆ 'ರೇಣುಕಾ ಬೇಬಿ' ಎಂಬ ಚೀಟಿ.

ಒಂದು ಮುಂಜಾನೆ ಡಾಕ್ಟರು ನಮ್ಮನ್ನೆಲ್ಲ ಕೂಡಿಸಿ ಮೆಲ್ಲಗೆ ಹೇಳಿದರು: "ಕೂಸು ತಾನಾಗಿ ಉಸಿರು ತಗೊಳ್ಳವಲ್ದು. ಸಂಜಿತನಕ ನೋಡೂಣು. ಆಮ್ಯಾಲೂ ಹಿಂಗ ಇದ್ರ, ಮಶೀನ್ ಇಟ್ಟು ಬರೇ ತ್ರಾಸ ಕೊಟ್ಟಂಗ ಆಗತೈತಿ. ಮನ್ಯಾಗ ಮಾತಾಡ್ರಿ."

ಮಗ ರೇಣುಕಾಳ ಹತ್ತಿರ ಉಳಿದ. ನಾವು ಹೊರಗೆ ಬೇವಿನ ಮರದ ಕೆಳಗೆ ಕುಂತೆವು. ನಮ್ಮ ಮನೆಯವರು, "ಕೊಟ್ಟ ದೇವ್ರು ಒಯ್ತಾನ. ಆ ಹಸಗೂಸಿಗೆ ನಳಿಗಿ ಚುಚ್ಚಿ ಯಾಕ ಇಡೂದು?" ಎಂದರು. ಸುದ್ದಿ ಕೇಳಿ ಬಂದಿದ್ದ ನಮ್ಮ ಮನೆತನದ ಅಯ್ಯನವರು ತಲೆ ಅಲ್ಲಾಡಿಸಿದರು.

"ಒಯ್ಯೂದು ಅವನ ಕೆಲಸ, ಜ್ವಾಕಿ ಮಾಡೂದು ನಮ್ಮ ಕೆಲಸ. ಕೂಸು ಸಣ್ಣದೈತಿ ಅಂತ ಜೀವ ಸಣ್ಣದಲ್ಲ. ಆದ್ರ ಡಾಕ್ಟರ ಸಾಕು ಅಂದ ಮ್ಯಾಲ ಹಟ ಹಿಡದು ತ್ರಾಸ ಕೊಡೂದೂ ಧರ್ಮ ಅಲ್ಲ."

"ನಮ್ಮ ಮಂದಿನೂ ಹಂಗ ಅಂತೇವ್ರಿ ಅಯ್ಯನಾರ" ಎಂದ, ನಮಗೆ ಬುತ್ತಿ ತಂದಿದ್ದ ಮಕ್ತುಮಸಾಬ. "ಉಸಿರಿನ ಮಾಲಕ ಮ್ಯಾಲಿನಾವ. ಔಷಧ ಮಾಡೂದು ನಮ್ಮ ಪಾಲಿಂದು." ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಮ್ಮಲ್ಲಿ ಕೂಸು ಭೂಮಿಗೆ ಬಿದ್ದ ಕೂಡಲೆ ಕಿವ್ಯಾಗ ಬಾಂಗ್ ಹೇಳತೇವಿ. ನೀವು ಇನ್ನೂ ಹೆಸರಽ ಇಟ್ಟಿಲ್ಲ. ಅದಕ್ಕ ಏನಂತ ಕರೀತೀರಿ?"

ತೊಟ್ಟಿಲಿಗೆ ಹಾಕುವ ದಿನದವರೆಗೆ ಹೆಸರು ಯಾರೂ ಬಾಯಿಗೆ ತರಬಾರದು ಎಂದು ಹೇಳಿದವಳೇ ನಾನು. ಉಳಿಯಲಿ ಬಿಡಲಿ, ಮನುಷ್ಯನಾಗಿ ಬಂದವನನ್ನು ಒಮ್ಮೆಯಾದರೂ ಹೆಸರು ಹಿಡಿದು ಕರೆಯಬೇಡವೆ? ಎದ್ದು ಹೋಗಿ ಡಾಕ್ಟರನ್ನು ಕೇಳಿದೆ. ಇಬ್ಬರು ಬರಬಹುದು ಎಂದರು. ಸೋದರತ್ತೆಯೇ ಹೆಸರಿಡಬೇಕಲ್ಲ, ಮಗಳು ಕಸ್ತೂರಿಯನ್ನು ಕರೆದುಕೊಂಡೆ.

ಬಾಗಿಲಲ್ಲಿ ಸಿಸ್ಟರ್, "ಬಳಿ ತಗದು ಕೈ ತೊಳೀರಿ" ಎಂದರು. ಮುತ್ತೈದೆಯಾದ ನಾನು ಅನುಮಾನಿಸುತ್ತ ನಿಂತಾಗ, ಹಿಂದಿನಿಂದ ನಮ್ಮ ಮನೆಯವರು, "ತಗಿ, ತಗಿ. ನಾ ಅಷ್ಟರಾಗ ಸಾಯೂದಿಲ್ಲ" ಎಂದರು. ಆ ಹೊತ್ತಿನಲ್ಲೂ ನಗು ಬಂತು. ನಾನೂ ಕಸ್ತೂರಿಯೂ ಬಳೆ ತೆಗೆದಿಟ್ಟು, ಕೈ ತೊಳೆದು ಒಳಗೆ ಹೋದೆವು.

ನಮ್ಮ ಕಡೆ ಅತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಾಗ, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅವತ್ತು ಅದಕ್ಕೆಲ್ಲ ಆಸ್ಪದವಿರಲಿಲ್ಲ. ಏನನ್ನೂ ಮುಟ್ಟಬೇಡಿರೆಂದು ಹೇಳಿದ್ದರಿಂದ ಎರಡೂ ಕೈ ಎದೆಗೆ ಕಟ್ಟಿ ನಿಂತಿದ್ದೆ. ಸಿಸ್ಟರ್ ಪೆಟ್ಟಿಗೆಯ ಆಚೆ ಬದಿಗಿದ್ದರು. ಕಸ್ತೂರಿ ಬಗ್ಗಿ, ಪೆಟ್ಟಿಗೆಯ ಕಿಂಡಿಗೆ ಬಾಯಿ ಹತ್ತಿರ ಮಾಡಿ, "ಕುರ್ರ್... ಮಹಾಂತೇಶ" ಎಂದಳು.

ಗಾಜಿನ ಬಳೆಗಳು ಗಲ್ ಎಂದವು. ನಾನು ಸ್ಪಷ್ಟ ಕೇಳಿದೆ. ಕಸ್ತೂರಿ ಮುಂದಕ್ಕೆ ಮುಗ್ಗರಿಸಿ, "ಯವ್ವಾ, ಎಷ್ಟ ಜೋರ ಗುದ್ದತೀಬೇ!" ಎಂದು ತಿರುಗಿದಳು.

"ನಾ ಎಲ್ಲಿ ಗುದ್ದೀನಿ?"

ಕಟ್ಟಿದ ನನ್ನ ಕೈ ನೋಡಿ ಅವಳು ನನ್ನ ಹಿಂದೆ ಇಣುಕಿದಳು, ಅಲ್ಲಿ ಯಾರೂ ಇರಲಿಲ್ಲ. ಸಿಸ್ಟರ್ ನಮ್ಮನ್ನು ನೋಡುತ್ತಲೇ ಇರಲಿಲ್ಲ. "ಆಯಿ, ಇಲ್ಲಿ ನೋಡ್ರಿ! ಕೂಸು ತಾನಽ ಉಸಿರ ತಗೊಂತು!" ಎಂದು ಡಾಕ್ಟರನ್ನು ಕೂಗುತ್ತ ಓಡಿದರು.

ಆ ಸಂಜೆ ಮಶೀನಿನ ಮಾತು ಯಾರೂ ಎತ್ತಲಿಲ್ಲ. ಎಲ್ಲವೂ ಒಮ್ಮೆಲೇ ನೆಟ್ಟಗಾಯಿತು ಎಂದಲ್ಲ. ಎಷ್ಟೋ ದಿನ ಆ ಡಾಕ್ಟರು, ಆ ಸಿಸ್ಟರು ಕಣ್ಣಿಗೆ ಎಣ್ಣೆ ಹಾಕಿಕೊಂಡು ಕಾದರು. ಚೀಟಿಯಲ್ಲೂ ಹೆಸರು ಬರೆದು, ಸೂಜಿ ಚುಚ್ಚುವಾಗಲೂ "ಮಹಾಂತಪ್ಪಾ, ಸ್ವಲ್ಪ ತಡಕೋ" ಎನ್ನುತ್ತಿದ್ದರು. ಅವರ ಉಪಕಾರ ನಾನು ಮಣ್ಣಿಗೆ ಹೋಗುವವರೆಗೂ ಮರೆಯುವುದಿಲ್ಲ. ಔಷಧ ಹತ್ತಿತು ಎನ್ನುತ್ತಾರೆ ಡಾಕ್ಟರು. ಅದೂ ಖರೆ ಇರಬೇಕು. ಆದರೆ ಬಳೆ? ಸಿಸ್ಟರನ್ನು ಕೇಳಿದರೆ, ಬಳೆ ಹಾಕಿದವರನ್ನು ಒಳಗೆ ಬಿಡುವುದೇ ಇಲ್ಲ ಎಂದರು. ತೀರಿಹೋದ ನಮ್ಮ ಅತ್ತೆ ಹೆಸರಿಡುವಾಗೆಲ್ಲ ಹಾಗೇ ಗುದ್ದುತ್ತಿದ್ದರು. ಅವರೇ ಬಂದಿದ್ದರು ಎಂದು ಹೇಳಲಾರೆ. ಏನೂ ಇರಲಿಲ್ಲ ಎಂದೂ ಹೇಳಲಾರೆ.

ಇವತ್ತು ಸಂಜೆ ಗೋದಿ ಹುಗ್ಗಿ ಮಾಡಿದ್ದೆ. ಮಕ್ತುಮಸಾಬನನ್ನೂ ಕರೆದು ಎಲ್ಲರೂ ಸಾಲಾಗಿ ಉಣ್ಣಲು ಕುಂತಿದ್ದೆವು. ಮಹಾಂತೇಶ ಸದ್ದಿಲ್ಲದೆ ಹಿಂದಿನಿಂದ ಬಂದು ಕಸ್ತೂರಿಯ ಬೆನ್ನಿಗೊಂದು ಗುದ್ದು ಕೊಟ್ಟ.

"ಇದೇನ್ ಗುದ್ದೋ! ಅವತ್ತಿಂದು ಇದಕ್ಕಿಂತ ಜೋರ ಇತ್ತು ಬಿಡು" ಎಂದಳು.

ಎಲ್ಲರೂ ನಕ್ಕರು. ಹುಗ್ಗಿ ಬಡಿಸಲು ನಾನು ಬಗ್ಗಿದಾಗ ಕೈಬಳೆಗಳು ಗಲ್ ಎಂದವು. ಕಸ್ತೂರಿ ಒಮ್ಮೆ ತಿರುಗಿ ನನ್ನ ಕೈ ನೋಡಿದಳು. ಆಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.