ಗುಂಡಿಯ ಸುತ್ತ ಕಟ್ಟಿದ ಮನೆ

ನಾನು ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದಾಗ ಅರವತ್ತರ ದಶಕ. ನನ್ನ ತವರಿನವರು ಮಗ್ಗ ಬಿಟ್ಟು ಬೇಸಾಯ ಹಿಡಿದವರು. ಅದಕ್ಕೇ ಅತ್ತೆ ನನ್ನನ್ನು ನೂಲು ಮುಟ್ಟಲು ಬಿಡುತ್ತಿರಲಿಲ್ಲ. "ನೇಗ್ಲು ಇಡ್ದ ಕೈ, ಎಳೆ ಕಿತ್ತಾಕ್ತದೆ" ಅನ್ನುತ್ತಿದ್ದರು. ನೇಗಿಲು ಹಿಡಿದದ್ದು ನಮ್ಮಪ್ಪ, ನಾನಲ್ಲ. ಹೇಳಿ ನೋಡಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ.

ಮಾವನಿಗೆ ರೇಷ್ಮೆ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಮಿಷಿನ್ನು ಕೂರಿಸಲು ಬಂದಿದ್ದ ಇಂಜಿನಿಯರೊಬ್ಬರು ಇವರ ತಲೆಗೆ ಒಂದು ಹುಳ ಬಿಟ್ಟರು. ಮಿಷಿನ್ನಿನಲ್ಲಿ ಬೇಡದ ಭಾಗ ಒಂದೂ ಇರುವುದಿಲ್ಲವಂತೆ, ಮನೆಯಲ್ಲೂ ಇರಬಾರದಂತೆ. ಹಳೆ ಮನೆ ಕೆಡವಿ ಅಲ್ಲೇ ಕಟ್ಟುವ ಹೊಸ ಮನೆಗೆ ನಕ್ಷೆಯನ್ನೂ ಅವರೇ ಬರೆದುಕೊಟ್ಟರು. ಮಟ್ಟಸವಾದ ತಾರಸಿ, ಬಾಗಿದ ಮುಂಗೋಡೆ, ಹಡಗಿನಲ್ಲಿ ಇರುತ್ತದಂತಲ್ಲ, ಅಂಥ ದುಂಡು ಕಿಟಕಿ. ಬೇಡದ್ದು ಎಂದು ಜಗುಲಿ ಹೋಯಿತು, ಬಾಗಿಲ ಕೆತ್ತನೆ ಹೋಯಿತು, ನಾಡಹೆಂಚು ಹೋಯಿತು. ದುಂಡು ಕಿಟಕಿ ಯಾಕೆ ಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ.

ನಕ್ಷೆಯಲ್ಲಿ ಅತ್ತೆಯ ಮಗ್ಗದ ಗುಂಡಿಯೂ ಇರಲಿಲ್ಲ. ನಮ್ಮಲ್ಲಿ ನೇಯುವವರು ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಹಲಗೆ ತುಳಿಯುತ್ತಾರೆ. ಅತ್ತೆ ಮದುವೆಯಾಗಿ ಬಂದ ವಾರವೇ ಆ ಗುಂಡಿಗೆ ಕಾಲಿಟ್ಟವರು.

"ಗುಂಡಿ ಮುಚ್ಬುಡನ," ಅಂದರು ಮಾವ.

"ಮಗ್ಗದ್ ಮ್ಯಾಲೆ ಆಸು ಅದೆ. ಅದು ಮುಗೀಲಿ ಕಣ್ರಿ," ಅಂದರು ಅತ್ತೆ.

ಹಾಸು ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು. ಅರ್ಧ ನೇಯ್ದ ಹಾಸನ್ನು ಕತ್ತರಿಸಿ ಇಳಿಸುವುದು ಕೆಟ್ಟದ್ದು ಎಂದು ಮಾವನೂ ನಂಬಿದವರೇ. ಆಗಲಿ ಅಂದುಬಿಟ್ಟರು. ಹಾಗಾಗಿ ಹಳೆ ಮನೆ ಅತ್ತೆಯ ಸುತ್ತಲಿಂದ ಕಳಚಿಕೊಂಡು ಹೋಯಿತು, ಹೊಸ ಮನೆ ಅತ್ತೆಯ ಸುತ್ತ ಎದ್ದಿತು. ಮಗ್ಗಕ್ಕೆ ಗೋಣಿತಾಟು ಹೊದಿಸುವುದು, ತೆಗೆಯುವುದು ನನ್ನ ಪಾಲಿನ ಕೆಲಸ. ತಾರಸಿಗೆ ಕಾಂಕ್ರೀಟು ಹಾಕಿದ ದಿನ ಮಾತ್ರ ಅತ್ತೆ ಎದ್ದು ಹೋಗಿ, ಎದುರು ಮನೆ ಜಗುಲಿಯಲ್ಲಿ ಕೂತು ಸಂಜೆಯವರೆಗೆ ಗೊಣಗಿದರು.

ಹಾಸು ಮುಗಿಯಲೇ ಇಲ್ಲ. ಹೇಗೆ ಮುಗಿದೀತು? ಸೀರೆ ಕತ್ತರಿಸಿದ ಮೇಲೂ ಹಳೆ ಹಾಸಿನ ತುದಿಯನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಅನ್ನುತ್ತಾರೆ ಅದಕ್ಕೆ. ನೇಕಾರರ ಮನೆಯಲ್ಲೇ ಹುಟ್ಟಿದ ಮಾವನಿಗೆ ಕಾರ್ಖಾನೆಯ ಗದ್ದಲದಲ್ಲಿ ಅದು ಮರೆತೇ ಹೋಗಿತ್ತು. ನೆನಪಾಗುವ ಹೊತ್ತಿಗೆ ಗುಂಡಿಯೊಂದು ಬಿಟ್ಟು ಮಿಕ್ಕ ನೆಲವೆಲ್ಲ ಕೆಂಪು ಸಿಮೆಂಟಿನಲ್ಲಿ ಹೊಳೆಯುತ್ತಿತ್ತು. ಬಂದ ನೆಂಟರು ಕಿಟಕಿ ನೋಡುತ್ತ ನಡೆದು ಗುಂಡಿಗೆ ಬೀಳುತ್ತಿದ್ದರು.

"ಇನ್ನೂ ಮುಗಿನಿಲ್ವಾ?" ಅನ್ನುವರು ಮಾವ.

"ಇಲ್ಲ ಕಣ್ರಿ."

ಎಪ್ಪತ್ತರ ದಶಕ ಬಂದರೂ ಇದೇ ಮಾತು, ಇದೇ ಉತ್ತರ.

ಒಂದು ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಮಗ್ಗದಲ್ಲಿ ಹಳೆ ಹಾಸಿನ ಗೇಣುದ್ದ ತುದಿ ಜೋತುಬಿದ್ದಿತ್ತು. ತಿಥಿ ಕಳೆದದ್ದೇ ಮಾವ ಗಾರೆ ಮೇಸ್ತ್ರಿಗೆ ಹೇಳಿ ಕಳಿಸಿದರು. ಗೆದ್ದಿರಲ್ಲ, ಮುಚ್ಚಿಸಿ, ಎಂದು ಒಳಗೊಳಗೇ ಬೈದುಕೊಂಡು ಅಡುಗೆಮನೆ ಸೇರಿದೆ.

ಮೇಸ್ತ್ರಿ ಬಂದ ಸದ್ದಿಗೆ ಹೊರಗೆ ಬಂದು ನೋಡಿದರೆ, ಮಾವ ಮಗ್ಗದ ಮುಂದೆ ಕೂತು ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸ ಹಾಸು ಕೆಚ್ಚುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಗುಂಡಿ ಮುಚ್ಬೇಕಾ ಸಾ?" ಅಂದ ಮೇಸ್ತ್ರಿ.

"ಆಸು ಮುಗ್ದಿಲ್ಲ ಕಣ್ಲಾ. ಗುಂಡಿ ಅಂಚು ಒಡ್ದೋಗದೆ, ಅಷ್ಟು ಸರಿ ಮಾಡು."

"ನೇಯೋರ್ಯಾರು ಮಾವ? ನನ್ ಕೈ ಎಳೆ ಕಿತ್ತಾಕ್ತದೆ ಅಂತಿದ್ರಲ್ಲ ಅತ್ತೆ."

"ಕಿತ್ರೆ ನಾನು ಸೇರುಸ್ತೀನಿ. ಬಾ, ಕೂತ್ಕವ್ವ."

ಅವರು ಕೆಚ್ಚಿ ಮುಗಿಸಿದ ಮೇಲೆ ಕೂತು ಗುಂಡಿಗೆ ಕಾಲು ಇಳಿಬಿಟ್ಟೆ. ಅತ್ತೆ ನನಗಿಂತ ಗಿಡ್ಡ, ಹಲಗೆಗಳನ್ನು ತಮ್ಮ ಕಾಲಿನ ಅಳತೆಗೆ ಎತ್ತಿ ಕಟ್ಟಿಸಿಕೊಂಡಿದ್ದರು. ಅವನ್ನು ಇಳಿಸಿ ಕಟ್ಟಲು ನಾನೂ ಹೇಳಲಿಲ್ಲ, ಮಾವನೂ ಕೇಳಲಿಲ್ಲ. ಮಂಡಿ ಮಡಚಿಕೊಂಡೇ ತುಳಿದೆ.