ಕರೆಂಟ್ ಕೇಳಲು ಹೋಗುತ್ತಿದ್ದವನು

ಪಕ್ಕದ ಮನೆಯಲ್ಲಿ ಯಾರೋ ಕಿಟಕಿಗೆ ಪರದೆಯ ಸರಳು ಕೂರಿಸುತ್ತಿದ್ದಾರೆ. ಮೊದಲು ಡ್ರಿಲ್ ತಿರುಗುವ ಸದ್ದು, ಆಮೇಲೆ ಸ್ಕ್ರೂ ಬಿಗಿಯಾದ ಕೂಡಲೇ ಕಟಕಟಕಟ ಎಂಬ ಸದ್ದು. ಇನ್ನೂ ತಿರುಗಿಸಿದರೆ ಕೆಲಸ ಕೆಡುತ್ತದೆ ಎಂದು ಯಂತ್ರ ತಾನಾಗಿ ಹಿಡಿತ ಬಿಡುವಾಗ ಬರುವ ಸದ್ದು ಅದು. ನೀವೂ ಕೇಳಿರುತ್ತೀರಿ, ಕೇಳಿ ಮರೆತಿರುತ್ತೀರಿ. ನನಗೆ ಮಾತ್ರ ಇಷ್ಟು ವರ್ಷಗಳ ಮೇಲೂ ಅದನ್ನು ಕೇಳಿದರೆ ಹೊಟ್ಟೆಯೊಳಗೆ ಸಣ್ಣಗೆ ಉರಿ ಹತ್ತುತ್ತದೆ. ಆ ಉರಿಗೆ ಒಂದು ಹೆಸರೂ ಉಂಟು: ಹಂಝ.

ತೊಂಬತ್ತರ ದಶಕದ ಕೊನೆಯಲ್ಲಿ ಹಂಝ ಮತ್ತು ನಾನು ಒಟ್ಟಿಗೆ ಕೆಲಸ ಹಿಡಿಯುತ್ತಿದ್ದೆವು. ಹೊಸ ಮನೆಗಳಿಗೆ ಕಪಾಟು, ಅಡುಗೆಮನೆಯ ಶೆಲ್ಫು, ಪರದೆಯ ಸರಳು ಕೂರಿಸುವುದು. ಅವನು ಬಂಟ್ವಾಳದವನು, ಮರದ ಕೆಲಸವನ್ನು ಸರಿಯಾಗಿ ಕಲಿತವನು. ನಾನು ಮೂಡುಬಿದಿರೆಯವನು, ಇತಿಹಾಸದಲ್ಲಿ ಎಂ.ಎ. ಮಾಡಿ, ಎಲ್ಲಿಯೂ ಕೆಲಸ ಸಿಗದೆ, ಸ್ವಲ್ಪ ದಿನದ ಮಟ್ಟಿಗೆ ಎಂದು ಅವನೊಡನೆ ಸೇರಿಕೊಂಡವನು. ಒಂದು ದಿನವೂ ಪಾಠ ಮಾಡದ ನನ್ನನ್ನು ಅವನು 'ಮಾಷ್ಟ್ರೇ' ಎಂದು ಕರೆಯುತ್ತಿದ್ದ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದಕ್ಕೆ ಇಸ್ತ್ರಿ ಹಾಕಿದಂತಾಗುತ್ತದೆ, ಕ್ಷಮಿಸಿ.

ಆಗ ನಮ್ಮಲ್ಲಿದ್ದುದು ವಯರಿನ ಡ್ರಿಲ್. ಹೊಸ ಮನೆಯೆಂದರೆ ಹೆಚ್ಚಾಗಿ ಇನ್ನೂ ಕರೆಂಟ್ ಬಾರದ ಮನೆ. ಹಾಗಾಗಿ ಪಕ್ಕದ ಮನೆಯವರನ್ನು ಕೇಳಿ ಅಲ್ಲಿಂದ ವಯರು ಎಳೆಯಬೇಕು. ಹಂಝನಿಗೆ ಕೇಳುವುದೆಂದರೆ ನಾಚಿಕೆ, ಆದ್ದರಿಂದ ಅದು ನನ್ನ ಕೆಲಸವಾಯಿತು. ನಾನು ಹೋಗುತ್ತಿದ್ದೆ, ಮನೆಯವರ ಕ್ಷೇಮ ವಿಚಾರಿಸುತ್ತಿದ್ದೆ, ಕೊಟ್ಟ ಚಹಾ ಕುಡಿಯುತ್ತಿದ್ದೆ, ಆಮೇಲೆ ಕರೆಂಟಿನ ಸುದ್ದಿ ಎತ್ತುತ್ತಿದ್ದೆ. ಶಿರ್ತಾಡಿಯ ಒಬ್ಬರು ಕ್ರೈಸ್ತ ಬಾಯಮ್ಮ ಕರೆಂಟಿನ ಜೊತೆಗೆ ತಮ್ಮ ಮಗಳಿಗೆ ಗಂಡು ಹುಡುಕುವ ಜವಾಬ್ದಾರಿಯನ್ನೂ ನನಗೆ ಕೊಟ್ಟಿದ್ದರು. ನಮ್ಮ ವಯರಿನ ತುದಿಗೆ ಪ್ಲಗ್ ಇರಲಿಲ್ಲ. ಎರಡು ತಂತಿಗಳನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸುತ್ತಿದ್ದೆವು. ಕಡ್ಡಿ ಸಡಿಲವಾದರೆ ಡ್ರಿಲ್ ನಿಲ್ಲುತ್ತಿತ್ತು, ಆದ್ದರಿಂದ ಒಬ್ಬ ಸಾಕೆಟ್ಟಿನ ಬಳಿಯೇ ಕಾಯಬೇಕಿತ್ತು. ಆಚೆ ಮನೆಯ ಏಣಿಯ ಮೇಲಿನಿಂದ ಹಂಝ 'ಹಾಕು' ಎಂದು ಕೂಗಿದರೆ ನಾನು ಸ್ವಿಚ್ ಹಾಕುತ್ತಿದ್ದೆ, 'ತೆಗೆ' ಎಂದರೆ ತೆಗೆಯುತ್ತಿದ್ದೆ. ಕೆಲಸದ ಅರ್ಧ ಭಾಗ ನಾನೇ ಮಾಡುತ್ತಿದ್ದೇನೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ದುಬೈಯಲ್ಲಿದ್ದ ಹಂಝನ ಬಾವ, ಬರುವಾಗ ಏನು ತರಲಿ ಎಂದು ಕೇಳಿದ. ಬ್ಯಾಟರಿಯ ಡ್ರಿಲ್ ತರಿಸುವ ಎಂದು ನಾವಿಬ್ಬರೂ ಸೇರಿಯೇ ತೀರ್ಮಾನಿಸಿದೆವು. ಯಾವುದು ಎಂದು ಆರಿಸಿದವನು ನಾನು. ಮಂಗಳೂರಿನ ಒಂದು ಅಂಗಡಿಯಿಂದ ಚಿತ್ರಗಳಿದ್ದ ಪುಸ್ತಿಕೆ ತಂದು, ಪರೀಕ್ಷೆಗೆ ಓದುವವನ ಹಾಗೆ ಓದಿದೆ. ಬ್ಯಾಟರಿ ಎರಡು ಇರಲೇಬೇಕು, ರಾತ್ರಿ ಮನೆಯಲ್ಲೇ ಎರಡನ್ನೂ ಚಾರ್ಜ್ ಮಾಡಿಟ್ಟುಕೊಂಡು, ಒಂದು ಮುಗಿದರೆ ಇನ್ನೊಂದು ಹಾಕಬೇಕು. ಕೊರೆಯುವ ಬಿಟ್ ಬದಲಿಸಲು ಕೀಲಿ ಬೇಡದೆ ಕೈಯಲ್ಲೇ ಬಿಗಿಯಾಗಬೇಕು. ಪ್ಲೈವುಡ್ಡಿಗೆ ಎಷ್ಟು, ಗಟ್ಟಿ ಮರಕ್ಕೆ ಎಷ್ಟು ಎಂದು ಬಿಗಿತ ನಿಲ್ಲಿಸುವ ಉಂಗುರ ಇರಬೇಕು. ದಿನವಿಡೀ ತಲೆಯ ಮೇಲೆ ಎತ್ತಿ ಹಿಡಿಯುವ ಕೈಗೆ ಭಾರವಾಗಬಾರದು. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆಗೆ ಹನ್ನೆರಡು ವೋಲ್ಟ್ ಧಾರಾಳ ಎಂದು ಬರೆದುಕೊಟ್ಟೆ. ಇಷ್ಟೆಲ್ಲ ಓದಿದವನಿಗೆ ಒಂದು ಸಂಗತಿ ಹೊಳೆಯಲಿಲ್ಲ: ವಯರು ಇಲ್ಲದ ಮೇಲೆ ವಯರಿನ ತುದಿಯಲ್ಲಿ ನಿಲ್ಲುವವನೂ ಬೇಡ.

ಅದು ಹೊಳೆದದ್ದು ಡ್ರಿಲ್ ಕೈಗೆ ಬಂದ ಮೇಲೆ, ಪುತ್ತಿಗೆಯ ಒಂದು ಮನೆಯಲ್ಲಿ. ರೂಢಿಯಂತೆ ನಾನು ಪಕ್ಕದ ಮನೆಯ ಕಡೆಗೆ ಹೊರಟು ಅಂಗಳದ ನಡುವೆ ನಿಂತೆ. ಅಷ್ಟರಲ್ಲಿ ಒಳಗೆ ಕಟಕಟ ಶುರುವಾಗಿತ್ತು. ಮನೆಯವರೆಲ್ಲ ಹಂಝನ ಸುತ್ತ ಸೇರಿದ್ದರು. ಆ ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು ನೋಡಲು ಎಲ್ಲರಿಗೂ ಆಸೆ, ಅವನು ಎಲ್ಲರಿಗೂ ಕೊಡುತ್ತಿದ್ದ. ಅದನ್ನು ಆರಿಸಿದವನು ಯಾರು ಎಂದು ಯಾರೂ ಕೇಳಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ಡ್ರಿಲ್ಲಿನ ಪೆಟ್ಟಿಗೆ ನಮ್ಮಿಬ್ಬರ ನಡುವೆ ಕೂತಿತ್ತು. ಹಂಝ ಅದರ ಮೇಲೆ ಕೈ ಇಟ್ಟುಕೊಂಡಿದ್ದ. ಬ್ಯಾಟರಿ ಬೇಗ ಸಾಯಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ. ಅದು ವರ್ಷಗಟ್ಟಲೆ ಬಾಳಿತು.

ಆಮೇಲೆ ಕಕ್ಕಿಂಜೆಯ ಕೆಲಸ. ಆ ಮನೆಗೆ ಹಂಝ ಒಬ್ಬನೇ ಹೋಗಿ ಮುಗಿಸಿ ಬಂದಿದ್ದ. ನನಗೆ ಗೊತ್ತಾದದ್ದು ಬೇರೆಯವರಿಂದ. ಕೇಳಿದೆನೋ, ಕೇಳದೆ ಮುಖ ಊದಿಸಿಕೊಂಡೆನೋ ನೆನಪಿಲ್ಲ. ಅವನು ಹೇಳಿದ್ದು ಮಾತ್ರ ನೆನಪಿದೆ, ಅಥವಾ ನೆನಪಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ:

"ನೀನೂ ಒಂದು ತರಿಸು ಮಾರಾಯ. ಬೇರೆ ಬೇರೆ ಮನೆ ಹಿಡಿಯುವ."

ನಾನು ತರಿಸಿದೆ. ಹದಿನೆಂಟು ವೋಲ್ಟಿನದು, ಕಾಂಕ್ರೀಟನ್ನೂ ಕುಟ್ಟಿ ಕೊರೆಯುವಂಥದು. ಪರದೆಯ ಸರಳು ಕೂರುವುದು ಕಿಟಕಿಯ ಮೇಲೆ, ಅಲ್ಲಿರುವುದು ಲಿಂಟಲಿನ ಕಾಂಕ್ರೀಟು. ಹಂಝನ ಹನ್ನೆರಡು ವೋಲ್ಟು ಅಲ್ಲಿ ಬರೀ ಕೂಗುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಮೂಡುಬಿದಿರೆಯ ಸುತ್ತಿನ ಕೆಲಸ ನನಗೆ, ಬಂಟ್ವಾಳ ಬೆಳ್ತಂಗಡಿಯದು ಅವನಿಗೆ ಎಂದಾಯಿತು. ಮತ್ತೆ ನಾವು ಒಂದೇ ಮನೆಯಲ್ಲಿ ಕೆಲಸ ಮಾಡಲಿಲ್ಲ. ಹಂಝ ನನ್ನನ್ನು ಬಿಟ್ಟ ಎಂಬುದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕತೆ.

ಇವತ್ತು ಆ ಸದ್ದು ನಿಂತ ಮೇಲೆ ಅವನಿಗೆ ಫೋನ್ ಮಾಡಿದೆ. ಅವನೀಗ ಬಂಟ್ವಾಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅದೂ ಇದೂ ಮಾತಾಡಿ, ತಮಾಷೆಯ ದನಿಯಲ್ಲಿ, ಅವತ್ತು ನನ್ನನ್ನು ಕಳಿಸಿಬಿಟ್ಟೆಯಲ್ಲ ಎಂದೆ.

"ಕಳಿಸಿದ್ದು ನಾನಾ? ಹೋದದ್ದು ನೀನು ಮಾಷ್ಟ್ರೇ."

"ಬೇರೆ ಬೇರೆ ಮನೆ ಹಿಡಿಯುವ ಅಂತ ಹೇಳಿದ್ದು ಯಾರು?"

"ಹೇಳಿದ್ದು ನಾನೇ. ನೀನು ಬೇಡ ಹೇಳ್ತಿ ಅಂತ ಎಣಿಸಿ ಹೇಳಿದ್ದು."

ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಪುತ್ತಿಗೆಯಲ್ಲಿ ನಾನು ಕೆಲಸವಿಲ್ಲದೆ ಅಂಗಳದಲ್ಲಿ ನಿಂತದ್ದನ್ನು ನೋಡಲಾಗದೆ ಕಕ್ಕಿಂಜೆಗೆ ಒಬ್ಬನೇ ಹೋದನಂತೆ. ಆಮೇಲೆ ಲಿಂಟಲು ಬಂದಲ್ಲೆಲ್ಲ ಮನೆಯವರು ಮಾಷ್ಟ್ರ ಮೆಷಿನಾದರೆ ಹೋಗುತ್ತಿತ್ತು ಎನ್ನುತ್ತಿದ್ದರಂತೆ.

"ನನಗೆ ಹನ್ನೆರಡು ಬರೆದುಕೊಟ್ಟು ನೀನು ಹದಿನೆಂಟು ತಂದೆ. ನನ್ನ ಹೊಟ್ಟೆ ಹೇಗೆ ಉರಿದಿರಬೇಕು, ಹೇಳು."

ಆ ಪುಸ್ತಿಕೆಯಲ್ಲಿ ಹದಿನೆಂಟರದು ಇತ್ತೇ? ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ, ಹೇಳುವಷ್ಟು ಖಾತ್ರಿ ಇರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ನನಗೆ ಸಂತೋಷವಾಗುತ್ತಿತ್ತು. ನನ್ನನ್ನು ಕಂಡು ಒಬ್ಬನಾದರೂ ಉರಿದುಕೊಂಡಿದ್ದ! ಮರುಕ್ಷಣವೇ, ಈ ಉರಿಯಲ್ಲಿಯೂ ಅವನದೇ ನನ್ನದಕ್ಕಿಂತ ದೊಡ್ಡದಿತ್ತೋ ಏನೋ ಎಂದು ಕಸಿವಿಸಿಯಾಯಿತು.

ಫೋನ್ ಇಡುವ ಮೊದಲು ಅವನು, ಮಗಳ ಹೊಸ ಮನೆಯಲ್ಲಿ ಪರದೆಯ ಸರಳು ಕೂರಿಸುವುದು ಬಾಕಿ ಉಂಟು, ಆದಿತ್ಯವಾರ ಬರುತ್ತೀಯಾ ಎಂದು ಕೇಳಿದ. ಲಿಂಟಲಿಗೆ ಹೋಗುವ ಮೆಷಿನ್ ತನ್ನಲ್ಲಿ ಇಲ್ಲವಂತೆ. ಅವನ ಅಂಗಡಿಯ ಗೋಡೆಯ ತುಂಬ ಡ್ರಿಲ್ಲುಗಳೇ ನೇತಾಡುವುದನ್ನು ನಾನು ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೇನೆ.

ಬರ್ತೇನೆ ಎಂದೆ. ಏಣಿ ಹತ್ತುವುದು ಯಾರು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.